ವಾಹನದ ವಾಟರ್ ಪಂಪ್ ಕೆಡುವ ಮುನ್ನ ತೋರುವ ಲಕ್ಷಣಗಳು



ಹಸು ಬೆಳಿಗ್ಗೆ ಮೇವು ಮುಟ್ಟದಿದ್ದರೆ, ಮೆಲುಕು ಹಾಕದೆ ತಲೆ ತಗ್ಗಿಸಿ ನಿಂತಿದ್ದರೆ ನೀವು ಜ್ವರ ಅಳೆಯುವವರೆಗೆ ಕಾಯುವುದಿಲ್ಲ. ನೋಡಿದ ಕೂಡಲೇ ರಾಸಿಗೆ ಏನೋ ಆಗಿದೆ ಎಂದು ತಿಳಿಯುತ್ತೀರಿ. ಆದರೆ ಆ ಹಸುವಿನ ಹಾಲನ್ನು ಸಾಗಿಸುವ ವಾಹನದ ವಿಷಯದಲ್ಲಿ ನಾವು ಇಷ್ಟು ಎಚ್ಚರದಿಂದ ಇರುವುದಿಲ್ಲ. ಬಾನೆಟ್ಟಿನ ಸಂದಿಯಿಂದ ಹಬೆ ಏಳುವವರೆಗೂ ಓಡಿಸುತ್ತೇವೆ. ಆಮೇಲೆ ‘ಇದ್ದಕ್ಕಿದ್ದಂತೆ ಇಂಜಿನ್ ಹೀಟ್ ಆಯಿತು’ ಎನ್ನುತ್ತೇವೆ.

ಇಂಜಿನ್ನು ಇದ್ದಕ್ಕಿದ್ದಂತೆ ಕಾಯುವುದು ಅಪರೂಪ. ಅದರಲ್ಲೂ ವಾಟರ್ ಪಂಪ್ ಕೆಡುವುದಾದರೆ ಹೆಚ್ಚಿನ ಸಂದರ್ಭಗಳಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮೊದಲೇ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ. ಇದು ಮನೆಯ ಕಾರಿಗೂ, ಹಾಲಿನ ಕ್ಯಾನು ಹೊರುವ ಪಿಕಪ್ಪಿಗೂ, ನೀರಿನಿಂದ ತಣಿಯುವ ಟ್ರ್ಯಾಕ್ಟರಿಗೂ, ಸಂಘದ ಜನರೇಟರಿಗೂ ಅನ್ವಯಿಸುತ್ತದೆ.

ಹಾಲಿಗೂ ವಾಟರ್ ಪಂಪಿಗೂ ಏನು ಸಂಬಂಧ?

ಕೆಚ್ಚಲಿನಿಂದ ಬಂದ ಹಾಲಿನ ಶಾಖ ಸುಮಾರು 37 ರಿಂದ 38 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊಸದಾಗಿ ಕರೆದ ಹಾಲಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಸ್ವಂತ ಶಕ್ತಿ ಸ್ವಲ್ಪ ಮಟ್ಟಿಗೆ ಉಂಟು. ಆದರೆ ಹಾಲು ಬೆಚ್ಚಗೆ ಇದ್ದರೆ ಈ ಶಕ್ತಿ ಒಂದೆರಡು ಗಂಟೆಗಳಲ್ಲಿ ಕುಂದುತ್ತದೆ. ಆ ಬಳಿಕ ಅನುಕೂಲ ಶಾಖದಲ್ಲಿ ಸೂಕ್ಷ್ಮಾಣುಗಳು 20 ರಿಂದ 30 ನಿಮಿಷಕ್ಕೊಮ್ಮೆ ಎರಡು ಪಟ್ಟು ಆಗಬಲ್ಲವು. ಅರ್ಧ ಗಂಟೆಗೊಮ್ಮೆ ಎರಡು ಪಟ್ಟು ಎಂದು ಹಿಡಿದರೂ ಮೂರು ಗಂಟೆಯಲ್ಲಿ ಒಂದು ಇದ್ದದ್ದು 64 ಆಗುತ್ತದೆ. ಆದುದರಿಂದಲೇ ಹಾಲನ್ನು ಬೇಗನೆ 4 ಡಿಗ್ರಿಗೆ ತಣಿಸಬೇಕೆಂದು ಹೇಳುವುದು.

ಬೇಸಿಗೆಯ ಒಂದು ಬೆಳಿಗ್ಗೆ ಕ್ಯಾನು ತುಂಬಿದ ವಾಹನ ಶೀತಲೀಕರಣ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ನಿಂತಿತು ಎಂದು ತಿಳಿಯಿರಿ. ಬೇರೆ ವಾಹನ ಬರಲು ಎರಡು ಗಂಟೆ ಹಿಡಿದರೆ ಹಾಲು ಒಡೆಯುವ ಸಂಭವ ಹೆಚ್ಚು. ಹಾಲು ತಿರಸ್ಕೃತವಾದರೆ ನಷ್ಟ ವಾಹನದ ಮಾಲೀಕನಿಗೆ ಮಾತ್ರವಲ್ಲ, ಆ ಕ್ಯಾನಿಗೆ ಎರಡು ಲೀಟರು ಹಾಕಿದ ಬಡ ಸದಸ್ಯೆಯ ಶ್ರಮವೂ ವ್ಯರ್ಥ. ಹೀಗಾಗಿ ಒಂದು ಸಣ್ಣ ಪಂಪಿನ ಆರೋಗ್ಯ ಇಡೀ ಹಾಲಿನ ಮಾರ್ಗದ ಆರೋಗ್ಯವಾಗಿದೆ.

ವಾಟರ್ ಪಂಪ್ ಮಾಡುವ ಕೆಲಸ

ಇಂಜಿನ್ನಿನ ಒಳಗೆ ಇಂಧನ ಉರಿದಾಗ ಉಂಟಾಗುವ ಶಾಖದ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಶಕ್ತಿಯಾಗುತ್ತದೆ. ಉಳಿದದ್ದು ಹೊಗೆಕೊಳವೆಯ ಮೂಲಕವೂ, ಇಂಜಿನ್ನಿನ ಲೋಹದ ಮೂಲಕವೂ ಹೊರಗೆ ಹೋಗಬೇಕು. ಲೋಹದ ಶಾಖವನ್ನು ಹೊರಗೆ ಸಾಗಿಸಲು ಸಿಲಿಂಡರುಗಳ ಸುತ್ತ ನೀರು ಹರಿಯುವ ಕಾಲುವೆಗಳಿವೆ. ವಾಟರ್ ಪಂಪ್ ಈ ನೀರನ್ನು ರೇಡಿಯೇಟರಿನಿಂದ ಎಳೆದು ಇಂಜಿನ್ನಿಗೆ ತಳ್ಳುತ್ತದೆ. ಕಾದ ನೀರು ಮತ್ತೆ ರೇಡಿಯೇಟರಿಗೆ ಬಂದು ಗಾಳಿಗೆ ತಣಿಯುತ್ತದೆ. ಈ ಸುತ್ತಾಟ ನಿಲ್ಲದೆ ನಡೆಯಬೇಕು.

ಮಧ್ಯೆ ಥರ್ಮೋಸ್ಟಾಟ್ ಎಂಬ ಬಾಗಿಲು ಇದೆ. ಇಂಜಿನ್ನು ತಣ್ಣಗಿರುವಾಗ ಅದು ಮುಚ್ಚಿಕೊಂಡಿದ್ದು, ನೀರು ಸಾಮಾನ್ಯವಾಗಿ 80 ರಿಂದ 90 ಡಿಗ್ರಿಯ ನಡುವೆ ಕಾದಾಗ ತೆರೆದುಕೊಳ್ಳುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಪ್ರೆಶರ್ ಕುಕ್ಕರಿನಂತೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಎನ್ನುವುದು ಈ ಕಾರಣಕ್ಕೆ.

ಪಂಪಿನ ಒಳಗೆ ಇರುವುದು ನಾಲ್ಕೇ ಮುಖ್ಯ ಭಾಗಗಳು. ನೀರನ್ನು ತಳ್ಳುವ ರೆಕ್ಕೆಚಕ್ರ, ಅದನ್ನು ಹೊತ್ತ ಶಾಫ್ಟು, ಶಾಫ್ಟನ್ನು ಹಿಡಿದ ಬೇರಿಂಗ್, ನೀರು ಬೇರಿಂಗಿಗೆ ಹೋಗದಂತೆ ತಡೆಯುವ ಸೀಲು. ಹೊರಗೆ ಒಂದು ಪುಲ್ಲಿ ಇದ್ದು ಅದನ್ನು ಫ್ಯಾನ್ ಬೆಲ್ಟು ತಿರುಗಿಸುತ್ತದೆ. ಕೆಲವು ವಾಹನಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟು ತಿರುಗಿಸುವುದೂ ಉಂಟು. ಗಾಳಿಯಿಂದ ತಣಿಯುವ ಇಂಜಿನ್ನುಗಳಿಗೆ, ಅಂದರೆ ಕೆಲವು ಟ್ರ್ಯಾಕ್ಟರು ಮತ್ತು ಹೆಚ್ಚಿನ ಬೈಕುಗಳಿಗೆ ವಾಟರ್ ಪಂಪೇ ಇಲ್ಲ.

ಸೀಲಿನ ಹಿಂದೆ, ಪಂಪಿನ ಕೆಳಭಾಗದಲ್ಲಿ ಒಂದು ಚಿಕ್ಕ ಕಿಂಡಿ ಇರುತ್ತದೆ. ಇದನ್ನು ತಯಾರಕರು ಬೇಕೆಂದೇ ಬಿಟ್ಟಿರುತ್ತಾರೆ. ಸೀಲು ಸವೆದು ನೀರು ದಾಟಿದರೆ ಅದು ಬೇರಿಂಗಿಗೆ ನುಗ್ಗುವ ಬದಲು ಈ ಕಿಂಡಿಯಿಂದ ಹೊರಗೆ ತೊಟ್ಟಿಕ್ಕುತ್ತದೆ. ‘ಸೀಲು ಹೋಯಿತು, ಇನ್ನು ಬೇರಿಂಗಿನ ಸರದಿ’ ಎಂದು ಪಂಪು ನಿಮಗೆ ಹೇಳುವುದು ಈ ಕಿಂಡಿಯ ಮೂಲಕವೇ. ಸೋರುತ್ತಿದೆ ಎಂದು ಅದಕ್ಕೆ ಎಂ-ಸೀಲ್ ಮೆತ್ತಿದರೆ ನೀರು ಬೇರಿಂಗಿಗೆ ಹೋಗಿ ಅದು ಬೇಗ ಹಾಳಾಗುತ್ತದೆ.

ಗುರುತಿಸಬೇಕಾದ ಏಳು ಲಕ್ಷಣಗಳು

1. ನೀರು ಕಡಿಮೆಯಾಗುವುದು. ಇದು ಎಲ್ಲಕ್ಕಿಂತ ಮೊದಲಿನ ಸೂಚನೆ. ಸರಿಯಾಗಿರುವ ವಾಹನದಲ್ಲಿ ನೀರು ಒಳಗೇ ಸುತ್ತುತ್ತದೆ, ಖರ್ಚಾಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಲೀಟರು ಹಾಕಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ‘ಹಳೇ ಗಾಡಿ, ಸ್ವಲ್ಪ ನೀರು ಕುಡಿಯುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಗಾಡಿ ನೀರು ಕುಡಿಯುವುದಿಲ್ಲ.

2. ಇಂಜಿನ್ನಿನ ಮುಂಭಾಗದ ಕೆಳಗೆ ತೇವ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಹನಿ ಕಂಡರೆ ಬೆರಳಿನಿಂದ ಮುಟ್ಟಿ ನೋಡಿ, ಬಾಯಿಗೆ ಇಡಬೇಡಿ. ಏಸಿಯ ನೀರು ತಿಳಿಯಾಗಿ, ಬಣ್ಣವಿಲ್ಲದೆ ಇರುತ್ತದೆ. ಕೂಲಂಟು ಹಸಿರು, ಕೆಂಪು ಅಥವಾ ನೀಲಿ ಬಣ್ಣವಿದ್ದು ಬೆರಳಿಗೆ ಜಿಗುಟಾಗಿ ಹತ್ತುತ್ತದೆ. ಅನುಮಾನವಿದ್ದರೆ ರಾತ್ರಿ ಹಳೆಯ ರಟ್ಟು ಹಾಸಿಡಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ.

3. ಪಂಪಿನ ಮೈಮೇಲೆ ಕಲೆ. ಕಿಂಡಿಯಿಂದ ಕೆಳಕ್ಕೆ ಬಿಳಿ, ಹಸಿರು ಅಥವಾ ತುಕ್ಕುಬಣ್ಣದ ಗೆರೆ ಇಳಿದಿದ್ದರೆ ಅಲ್ಲಿ ನೀರು ಹರಿದು ಒಣಗಿದೆ ಎಂದು ತಿಳಿಯಬೇಕು. ಇಂಜಿನ್ನು ಬಿಸಿಯಾಗಿದ್ದಾಗ ಬಿದ್ದ ಹನಿ ಅಲ್ಲೇ ಆವಿಯಾಗುವುದರಿಂದ ನೆಲ ಒಣಗಿದ್ದರೂ ಗೆರೆ ಉಳಿದಿರುತ್ತದೆ. ಹೊಸ ಪಂಪಿನಲ್ಲಿ ಮೊದಮೊದಲು ತೆಳುವಾದ ಕಲೆ ಮೂಡುವುದುಂಟು. ಅದು ಬೆಳೆಯದೆ ನಿಂತರೆ ಚಿಂತೆಯಿಲ್ಲ, ಹನಿ ಮುಂದುವರಿದರೆ ಸೀಲು ಹೋಗಿದೆ.

4. ಮುಂಭಾಗದಿಂದ ಸದ್ದು. ಬೇರಿಂಗ್ ಸವೆದಾಗ ‘ಗರಗರ’ ಎಂಬ ಅಥವಾ ಸಣ್ಣಗೆ ಕೂಗುವ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸದ್ದೂ ಏರುತ್ತದೆ. ಬೆಲ್ಟು ಸಡಿಲವಾದಾಗ ಬರುವ ಸದ್ದು ಬೇರೆ. ಅದು ‘ಕೀಚ್’ ಎಂದು ಕಿರುಚುತ್ತದೆ, ಸ್ಟಾರ್ಟು ಮಾಡಿದಾಗ ಹೆಚ್ಚಿದ್ದು ಆಮೇಲೆ ಕಡಿಮೆಯಾಗುವುದುಂಟು.

5. ಪುಲ್ಲಿಯ ಅಲುಗಾಟ. ಇಂಜಿನ್ನು ನಿಲ್ಲಿಸಿ, ಕೀಲಿ ಕೈಯಲ್ಲಿ ಇಟ್ಟುಕೊಂಡು, ಪೂರ್ತಿ ತಣಿದ ಮೇಲೆ ಪಂಪಿನ ಪುಲ್ಲಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ, ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಕೈಗೆ ಆಟ ಸಿಗಬಾರದು. ಸ್ವಲ್ಪ ಆಟ ಕಂಡರೂ ಬೇರಿಂಗ್ ಮುಗಿದಿದೆ. ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಫ್ಯಾನು ಪಂಪಿನ ಶಾಫ್ಟಿನ ಮೇಲೆಯೇ ಕೂತಿರುವುದುಂಟು. ಅಂಥದರಲ್ಲಿ ಬೇರಿಂಗ್ ಮುರಿದರೆ ಫ್ಯಾನು ರೇಡಿಯೇಟರಿಗೆ ಬಡಿದು ಅದನ್ನೂ ಸೀಳುತ್ತದೆ.

6. ಬಿಸಿಗಾಳಿ ಬಾರದಿರುವುದು. ಹೀಟರ್ ಇರುವ ವಾಹನದಲ್ಲಿ ಇಂಜಿನ್ನು ಕಾದಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ನೀರು ಕಡಿಮೆ ಇದೆ, ಇಲ್ಲವೇ ಸುತ್ತುತ್ತಿಲ್ಲ ಎಂದು ಅನುಮಾನಿಸಬೇಕು. ರೆಕ್ಕೆಚಕ್ರ ತುಕ್ಕು ಹಿಡಿದು ಸವೆದಿದ್ದರೆ ಸೋರಿಕೆಯೂ ಇಲ್ಲ, ಸದ್ದೂ ಇಲ್ಲ, ಇಂಜಿನ್ನು ಮಾತ್ರ ಕಾಯುತ್ತದೆ. ಈ ಒಳರೋಗವನ್ನು ಹಿಡಿಯಲು ಹೀಟರಿನ ಗಾಳಿ ಸಹಾಯಕ.

7. ಶಾಖದ ಮುಳ್ಳು ಏರುವುದು. ಏರು ಹತ್ತುವಾಗ, ಭಾರ ಹೊತ್ತಾಗ, ವೇಗದಲ್ಲಿ ಹೋಗುವಾಗ ಮುಳ್ಳು ದಿನಕ್ಕಿಂತ ಮೇಲೆ ಹೋದರೆ ನೀರಿನ ಸುತ್ತಾಟ ಸಾಲುತ್ತಿಲ್ಲ. ನಿಂತಲ್ಲಿ ಮಾತ್ರ ಏರಿ, ಓಡುವಾಗ ಇಳಿದರೆ ದೋಷ ಹೆಚ್ಚಾಗಿ ಫ್ಯಾನಿನ ಕಡೆಗೆ ಇರುತ್ತದೆ. ಈಗಿನ ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಎಚ್ಚರಿಕೆಯ ಕೆಂಪು ದೀಪ ಮಾತ್ರ ಇರುತ್ತದೆ. ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಮುಳ್ಳು ಏಳನೆಯ ಲಕ್ಷಣವೇ ಹೊರತು ಮೊದಲನೆಯದಲ್ಲ. ಅಷ್ಟೇ ಅಲ್ಲ, ಅದನ್ನು ಪೂರ್ತಿ ನಂಬುವಂತೆಯೂ ಇಲ್ಲ. ಶಾಖ ಅಳೆಯುವ ಸಾಧನ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ನೀರೆಲ್ಲ ಸೋರಿ ಹೋಗಿ ಅದು ಬರಿದಾದ ಜಾಗದಲ್ಲಿ ಉಳಿದರೆ ಇಂಜಿನ್ನು ಸುಡುತ್ತಿದ್ದರೂ ಮುಳ್ಳು ಕೆಳಗೆ ಇಳಿಯಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಸರ್ರನೆ ಇಳಿದರೆ ಸಂತೋಷಪಡದೆ ಕೂಡಲೇ ನಿಲ್ಲಿಸಿ.

ಲಕ್ಷಣ ಒಂದೇ, ರೋಗ ಬೇರೆ

ಜ್ವರ ಬಂದ ಹಸುವಿಗೆಲ್ಲ ಕೆಚ್ಚಲುಬಾವು ಇರುವುದಿಲ್ಲ. ಹಾಗೆಯೇ ಕಾದ ಇಂಜಿನ್ನಿಗೆಲ್ಲ ಪಂಪು ಕಾರಣವಲ್ಲ. ಪಂಪು ಬದಲಿಸುವ ಮೊದಲು ಈ ಕೆಳಗಿನವನ್ನೂ ನೋಡಿಸಿ.

ಫ್ಯಾನ್ ಬೆಲ್ಟು ಕಡಿದರೆ ಅಥವಾ ಜಾರಿದರೆ ಪಂಪು ತಿರುಗುವುದಿಲ್ಲ. ಹಲವು ವಾಹನಗಳಲ್ಲಿ ಆಲ್ಟರ್ನೇಟರನ್ನೂ ಅದೇ ಬೆಲ್ಟು ತಿರುಗಿಸುವುದರಿಂದ ಬ್ಯಾಟರಿಯ ಕೆಂಪು ದೀಪವೂ ಜೊತೆಗೆ ಹತ್ತುತ್ತದೆ. ಎರಡೂ ಒಟ್ಟಿಗೆ ಕಂಡರೆ ಮೊದಲು ಬೆಲ್ಟು ನೋಡಿ.

ರೇಡಿಯೇಟರಿನ ಜಾಲರಿಗೆ ಧೂಳು, ಹೊಟ್ಟು, ಹುಲ್ಲು ಕಟ್ಟಿಕೊಂಡರೆ ಗಾಳಿ ಹಾಯುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹಾಸಿ ಒಕ್ಕುವ ಕಡೆಗಳಲ್ಲಿ ಓಡಾಡುವ ವಾಹನಗಳಿಗೆ ಇದು ಸಾಮಾನ್ಯ ತೊಂದರೆ. ಇಂಜಿನ್ನು ತಣಿದ ಮೇಲೆ ಒಳಗಿನಿಂದ ಹೊರಕ್ಕೆ ಸಾಧಾರಣ ರಭಸದ ನೀರು ಹಾಯಿಸಿ ತೊಳೆಯಬೇಕು.

ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕಚ್ಚಿದರೆ ರೇಡಿಯೇಟರಿನ ಮೇಲಿನ ಹೋಸಿಗೂ ಕೆಳಗಿನ ಹೋಸಿಗೂ ಶಾಖದಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ. ಆಗ ಥರ್ಮೋಸ್ಟಾಟನ್ನು ಬದಲಿಸಬೇಕು, ಕಿತ್ತು ಎಸೆಯಬಾರದು. ಅದಿಲ್ಲದೆ ಓಡುವ ಇಂಜಿನ್ನು ಬೇಕಾದ ಶಾಖಕ್ಕೆ ಬರಲು ತಡವಾಗಿ ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಸವಕಳಿಯೂ ಹೆಚ್ಚು.

ಹೋಸ್ ಪೈಪು ಬಿರುಕು ಬಿಟ್ಟಿರಬಹುದು, ಕ್ಲಿಪ್ಪು ಸಡಿಲವಾಗಿರಬಹುದು, ರೇಡಿಯೇಟರ್ ಮುಚ್ಚಳದ ರಬ್ಬರು ಹೋಗಿರಬಹುದು. ಇವು ಕಡಿಮೆ ಖರ್ಚಿನ ದುರಸ್ತಿಗಳು.

ಇನ್ನು ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ನೀರು ಹೊರಗೆ ಸೋರದೆ ಇಂಜಿನ್ನಿನ ಒಳಗೇ ಹೋಗುತ್ತದೆ. ಸೈಲೆನ್ಸರಿನಿಂದ ನಿಲ್ಲದೆ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಇಂಜಿನ್ನನ್ನು ಸ್ಟಾರ್ಟು ಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ. ಪಂಪಿನ ಸೂಚನೆಗಳನ್ನು ಕಡೆಗಣಿಸಿ ಓಡಿಸಿದವರು ಕೊನೆಗೆ ತಲುಪುವುದು ಹೆಚ್ಚಾಗಿ ಇಲ್ಲಿಗೇ.

ಬೆಳಗಿನ ಐದು ನಿಮಿಷ

ಹಾಲು ಕರೆಯುವ ಮೊದಲು ಕೆಚ್ಚಲು ತೊಳೆದು, ಮೊದಲ ಧಾರೆಯನ್ನು ಪ್ರತ್ಯೇಕವಾಗಿ ಹಿಂಡಿ ನೋಡುವುದು ನಿಮಗೆ ರೂಢಿ. ಗಾಡಿ ಹೊರಡಿಸುವ ಮೊದಲು ಈ ಕ್ರಮವನ್ನೂ ರೂಢಿ ಮಾಡಿಕೊಳ್ಳಿ. ಇಂಜಿನ್ನು ತಣ್ಣಗಿರುವ ಬೆಳಗಿನ ಹೊತ್ತೇ ಇದಕ್ಕೆ ಸರಿಯಾದ ಸಮಯ.

ಅ) ವಾಹನದ ಮುಂಭಾಗದ ಕೆಳಗೆ ನೆಲ ನೋಡಿ.

ಆ) ರಿಸರ್ವ್ ಟ್ಯಾಂಕಿನಲ್ಲಿ ನೀರು ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಇದೆಯೇ ನೋಡಿ. ಟ್ಯಾಂಕು ಇಲ್ಲದ ಹಳೆಯ ವಾಹನದಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ.

ಇ) ಬೆಲ್ಟಿನಲ್ಲಿ ಬಿರುಕು, ಎಳೆ ಬಿಡುವುದು, ಎಣ್ಣೆ ಜಿಡ್ಡು ಇದೆಯೇ ನೋಡಿ. ಹಳೆಯ ಬಗೆಯ ಬೆಲ್ಟಾದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು ತಗ್ಗಬೇಕು. ನಿಖರವಾದ ಅಳತೆ ವಾಹನದ ಕೈಪಿಡಿಯಲ್ಲಿ ಇರುತ್ತದೆ.

ಈ) ವಾರಕ್ಕೊಮ್ಮೆ ಪಂಪಿನ ಕಿಂಡಿಯ ಬಳಿ ಟಾರ್ಚು ಬಿಟ್ಟು ಕಲೆ ನೋಡಿ, ಪುಲ್ಲಿ ಅಲ್ಲಾಡಿಸಿ ನೋಡಿ. ಸೀಟಿನ ಕೆಳಗೆ ಇಂಜಿನ್ ಇರುವ ವಾಹನಗಳಲ್ಲಿ ಸೀಟು ಎತ್ತಿದರೆ ಹೊರತು ಏನೂ ಕಾಣುವುದಿಲ್ಲವಾದ್ದರಿಂದ ಅಂಥ ವಾಹನದವರು ಇದನ್ನು ತಪ್ಪಿಸಲೇಬಾರದು.

ಉ) ಸ್ಟಾರ್ಟು ಮಾಡಿ ಒಂದು ನಿಮಿಷ ಸದ್ದು ಕೇಳಿ.

ಎಚ್ಚರಿಕೆ: ಓಡುತ್ತಿರುವ ಇಂಜಿನ್ನಿನ ಮೇಲೆ ಬಗ್ಗುವಾಗ ಹೆಗಲ ಮೇಲಿನ ಟವೆಲ್ಲು, ಪಂಚೆಯ ಅಂಚು, ಸೀರೆಯ ಸೆರಗು, ಸಡಿಲ ಬಳೆ ಬೆಲ್ಟಿಗೆ ಸಿಕ್ಕೀತು. ಕರೆಂಟಿನಿಂದ ತಿರುಗುವ ರೇಡಿಯೇಟರ್ ಫ್ಯಾನು ಇಂಜಿನ್ನು ನಿಂತಿದ್ದರೂ ತಾನಾಗಿ ತಿರುಗಬಹುದು. ಅದರ ಬಳಿ ಕೈ ಹಾಕಬೇಡಿ.

ನೀರಿನ ಲೆಕ್ಕ ಬರೆಯಿರಿ

ದಿನಕ್ಕೆ ಎರಡು ಹೊತ್ತು ಎಷ್ಟು ಲೀಟರು, ಎಷ್ಟು ಫ್ಯಾಟ್ ಎಂದು ಪಾಸ್ ಪುಸ್ತಕದಲ್ಲಿ ಬರೆಸುವವರು ನೀವು. ಲೆಕ್ಕ ಇದ್ದರೆ ತಾನೇ ಹಾಲು ಇಳಿದದ್ದು ಗೊತ್ತಾಗುವುದು? ಗಾಡಿಗೂ ಒಂದು ಚಿಕ್ಕ ಪುಸ್ತಕ ಇಡಿ. ನೀರು ಹಾಕಿದ ದಿನಾಂಕ, ಎಷ್ಟು ಹಾಕಿದಿರಿ, ಅಂದಿನ ಕಿಲೋಮೀಟರ್, ಇಷ್ಟು ಬರೆದರೆ ಸಾಕು.

ಉದಾಹರಣೆಗೆ ಒಂದು ಪಿಕಪ್ಪಿಗೆ ತಿಂಗಳ 2ನೇ ತಾರೀಖು ಕಾಲು ಲೀಟರು, 11ಕ್ಕೆ ಅರ್ಧ ಲೀಟರು, 16ಕ್ಕೆ ಅರ್ಧ ಲೀಟರು, 19ಕ್ಕೆ ಒಂದು ಲೀಟರು ನೀರು ಹಾಕಿದರು ಎಂದು ಊಹಿಸಿ. ಪ್ರತಿ ಸಲವೂ ಬೇರೆ ಬೇರೆ ಜನ ಹಾಕಿದ್ದರೆ, ಮಗ ಒಂದು ದಿನ, ಡ್ರೈವರ್ ಒಂದು ದಿನ, ಯಾರಿಗೂ ಇದು ದೊಡ್ಡದೆನಿಸುವುದಿಲ್ಲ. ಬರೆದಿಟ್ಟಿದ್ದರೆ ಅಂತರ ಒಂಬತ್ತು ದಿನದಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿದದ್ದು ಕಣ್ಣಿಗೆ ಹೊಡೆಯುತ್ತದೆ. 16ನೇ ತಾರೀಖಿಗೇ ಮೆಕ್ಯಾನಿಕ್ಕಿನ ಬಳಿ ಹೋದರೆ ಹೊಸ ಪಂಪಿನಲ್ಲಿ ಮುಗಿಯುವ ಖರ್ಚು, 20ರಂದು ರಸ್ತೆಯಲ್ಲಿ ಹೆಡ್ ಬೆಂಡಾದರೆ ಅದರ ಹಲವು ಪಟ್ಟು ಆಗುತ್ತದೆ. ನೀರು ಕಡಿಮೆಯಾದಾಗ ತುಂಬಿಸುವುದು ಅರ್ಧ ಕೆಲಸ. ‘ಇದ್ದ ನೀರು ಎಲ್ಲಿ ಹೋಯಿತು?’ ಎಂದು ಕೇಳುವುದು ಉಳಿದರ್ಧ.

ದಾರಿಯಲ್ಲಿ ಇಂಜಿನ್ ಕಾದರೆ

‘ಇನ್ನು ನಾಲ್ಕೇ ಕಿಲೋಮೀಟರು, ಡೇರಿ ಮುಟ್ಟಿಸಿಬಿಡೋಣ’ ಎಂಬ ಆಸೆಯೇ ಇಂಜಿನ್ನುಗಳನ್ನು ಕೊಲ್ಲುವುದು. ಮುಳ್ಳು ಕೆಂಪಿಗೆ ಬಂದರೆ ಅಥವಾ ಹಬೆ ಕಂಡರೆ ರಸ್ತೆಯ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಮುಚ್ಚಳ ತೆಗೆಯಬೇಡಿ. ಒಳಗಿನ ಕುದಿನೀರು ಮುಖಕ್ಕೆ ಚಿಮ್ಮಿ ಕಣ್ಣು ಹೋಗುವ ಅಪಾಯವಿದೆ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡುತ್ತದೆ. ಕನಿಷ್ಠ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡಿ. ಕೈಗೆ ಬಿಸಿ ತಾಗದಷ್ಟು ತಣಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪ ಮಾತ್ರ ತಿರುಗಿಸಿ, ಒತ್ತಡ ಹೋಗಲು ಬಿಟ್ಟು, ಆಮೇಲೆ ತೆಗೆಯಿರಿ. ನೀರನ್ನು ನಿಧಾನವಾಗಿ ಹಾಕಿ.

ಸೋರಿಕೆ ಹನಿಹನಿಯಾಗಿದ್ದರೆ ಹತ್ತಿರದ ಗ್ಯಾರೇಜಿನವರೆಗೆ ಮುಳ್ಳಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಹೋಗಬಹುದು. ಪುಲ್ಲಿ ಅಲುಗುತ್ತಿದ್ದರೆ, ಗರಗರ ಸದ್ದಿದ್ದರೆ, ಹಾಕಿದ ನೀರು ಹಾಕಿದಂತೆಯೇ ಹರಿದುಹೋಗುತ್ತಿದ್ದರೆ ಸ್ಟಾರ್ಟು ಮಾಡಬೇಡಿ, ಬೇರೆ ವಾಹನಕ್ಕೆ ಕಟ್ಟಿ ಎಳೆಸಿ.

ವಾಹನದಲ್ಲಿ ಹಾಲಿದ್ದರೆ ಇಂಜಿನ್ನು ತಣಿಯುವವರೆಗೆ ಕಾಯದೆ ಕೂಡಲೇ ಸಂಘದ ಕಾರ್ಯದರ್ಶಿಗೂ ಶೀತಲೀಕರಣ ಕೇಂದ್ರಕ್ಕೂ ಫೋನ್ ಮಾಡಿ ಬದಲಿ ವಾಹನ ಕೇಳಿ. ಕ್ಯಾನುಗಳನ್ನು ನೆರಳಿಗೆ ಸರಿಸಿ, ಮುಚ್ಚಳ ತೆಗೆಯದೆ ಒದ್ದೆ ಗೋಣಿಚೀಲ ಹೊದಿಸಿ. ಹಾಲಿಗೆ ಮಂಜುಗಡ್ಡೆಯನ್ನಾಗಲಿ ಸೋಡಾವನ್ನಾಗಲಿ ಹಾಕುವುದು ಕಲಬೆರಕೆ. ಅಂಥದಕ್ಕೆ ಕೈ ಹಾಕಬೇಡಿ.

ಯಾವ ನೀರು ಹಾಕಬೇಕು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ಆಳವಾದ ಕೊಳವೆಬಾವಿಯ ಗಡಸು ನೀರು ಸಾಮಾನ್ಯ. ಆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊರಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿ ಹರಿವನ್ನು ತಡೆಯುತ್ತದೆ, ಅದರ ಕಣಗಳು ಪಂಪಿನ ಸೀಲನ್ನು ಉಜ್ಜಿ ಸವೆಸುತ್ತವೆ. ಬರೀ ನೀರಿನಿಂದ ಒಳಗೆ ತುಕ್ಕೂ ಹಿಡಿಯುತ್ತದೆ.

ಆದುದರಿಂದ ವಾಹನದ ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನೇ ಬಳಸಿ. ಬೆರೆಸುವ ಬಗೆಯದಾದರೆ ಹೆಚ್ಚಾಗಿ ಅರ್ಧ ಕೂಲಂಟು, ಅರ್ಧ ಡಿಸ್ಟಿಲ್ಡ್ ನೀರು ಎಂಬ ಪ್ರಮಾಣ ಇರುತ್ತದೆ. ಕೆಲವು ಡಬ್ಬಿಗಳು ಬೆರೆಸಿಯೇ ಬರುತ್ತವೆ, ಅವಕ್ಕೆ ನೀರು ಸೇರಿಸಬಾರದು. ಬೇರೆ ಬೇರೆ ಬಗೆಯ ಕೂಲಂಟುಗಳನ್ನು ಕಲಸಬೇಡಿ. ತುರ್ತಿಗೆ ಶುದ್ಧ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಅದನ್ನು ತೆಗೆಸಿ, ತೊಳೆಸಿ, ಸರಿಯಾದ ಕೂಲಂಟು ಹಾಕಿಸಿ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವ ರೂಢಿ ಕೆಲವರಲ್ಲಿ ಉಂಟು. ಸವೆದ ಸೀಲು ಅದರಿಂದ ಸರಿಹೋಗುವುದಿಲ್ಲ, ಸಣ್ಣ ನಾಳಗಳು ಕಟ್ಟಿಕೊಳ್ಳಬಹುದು.

ಕೊಟ್ಟಿಗೆಯ ಬಳಿ ಕೂಲಂಟು ಚೆಲ್ಲಬೇಡಿ

ಹೈನುಗಾರರಾದ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ಹೆಚ್ಚಿನ ಕೂಲಂಟುಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಅದು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಸಿಹಿಯಾದ್ದರಿಂದ ಕರು, ನಾಯಿ, ಬೆಕ್ಕು ನೆಕ್ಕುವುದುಂಟು, ಮಕ್ಕಳು ಕುಡಿಯುವ ಅಪಾಯವೂ ಇದೆ. ಹೊಟ್ಟೆಗೆ ಹೋದ ಮೇಲೆ ಅದು ದೇಹದಲ್ಲಿ ಮಾರ್ಪಟ್ಟು ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವನ್ನು ಕೆಡಿಸುತ್ತದೆ. ಮೊದಲು ಅಮಲೇರಿದಂತೆ ತೂರಾಡುವುದು, ಆಮೇಲೆ ಉಸಿರಾಟ ಏರುವುದು, ಮೂತ್ರ ಕಡಿಮೆಯಾಗುವುದು ಕಾಣಬಹುದು. ಇಂಥ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಸಿ, ಕೂಲಂಟು ಕುಡಿದಿರಬಹುದು ಎಂದು ಸ್ಪಷ್ಟವಾಗಿ ಹೇಳಿ. ಮಗು ಕುಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಪಂಪು ಸೋರುವ ವಾಹನವನ್ನು ಕೊಟ್ಟಿಗೆಯ ಮುಂದೆ, ಗೋದಲಿಯ ಬಳಿ, ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಬೇಡಿ. ಚೆಲ್ಲಿದ್ದನ್ನು ಮಣ್ಣು ಅಥವಾ ಮರದ ಹೊಟ್ಟಿನಲ್ಲಿ ಹೀರಿಸಿ ತೆಗೆದು ರಾಸುಗಳಿಗೆ ಸಿಗದಂತೆ ಮಾಡಿ. ಬಸಿದ ಹಳೆಯ ಕೂಲಂಟನ್ನು ಚರಂಡಿಗೆ ಸುರಿಯದೆ ಗುರುತು ಬರೆದ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡಬೇಡಿ. ಹಾಲಿನ ಕ್ಯಾನು, ಅಳತೆ ಪಾತ್ರೆ, ಆಲಿಕೆಗಳನ್ನು ರೇಡಿಯೇಟರಿಗೆ ನೀರು ಹಾಕಲು ಎಂದೂ ಉಪಯೋಗಿಸಬೇಡಿ.

ಪಂಪು ಬದಲಿಸುವಾಗ

ಪಂಪನ್ನು ಬದಲಿಸುವಾಗ ಹೊಸ ಗ್ಯಾಸ್ಕೆಟ್ಟು ಹಾಕಿಸಿ. ಕೂಲಂಟಿನಲ್ಲಿ ನೆನೆದ, ಬಿರುಕು ಬಿಟ್ಟ ಬೆಲ್ಟನ್ನು ಮತ್ತೆ ಹಾಕಿಸಬೇಡಿ. ಒಳಗಿನ ತುಕ್ಕು, ಕೆಸರು ಹೋಗುವವರೆಗೆ ತೊಳೆಸಿದ ಮೇಲೆಯೇ ಹೊಸ ಕೂಲಂಟು ತುಂಬಿಸಿ, ಇಲ್ಲವಾದರೆ ಹೊಸ ಸೀಲೂ ಬೇಗ ಸವೆಯುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟು ಬದಲಿಸುವ ಸಮಯದಲ್ಲೇ ಪಂಪನ್ನೂ ಬದಲಿಸುವುದು ಲಾಭಕರ, ಏಕೆಂದರೆ ಬಿಚ್ಚುವ ಕೂಲಿ ಒಂದೇ. ತೆಗೆದ ಹಳೆಯ ಪಂಪನ್ನು ಕೇಳಿ ಪಡೆದು, ಬೇರಿಂಗ್ ತಿರುಗಿಸಿ, ರೆಕ್ಕೆಚಕ್ರ ನೋಡಿ. ಏನು ಸವೆದಿತ್ತು ಎಂದು ಕಣ್ಣಾರೆ ಕಂಡರೆ ಮುಂದಿನ ಸಲ ಬೇಗ ಗುರುತಿಸುತ್ತೀರಿ.

ಸಂಘದ ಜನರೇಟರ್

ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘಗಳಲ್ಲಿ ಕರೆಂಟು ಹೋದಾಗ ಹಾಲನ್ನು 4 ಡಿಗ್ರಿಯಲ್ಲಿ ಇಡುವುದು ಜನರೇಟರಿನ ಹೊಣೆ. ನೀರಿನಿಂದ ತಣಿಯುವ ಜನರೇಟರಿಗೂ ಇದೇ ಪಂಪು, ಇದೇ ಬೆಲ್ಟು, ಇದೇ ರೇಡಿಯೇಟರ್. ಅದು ಮೂಲೆಯಲ್ಲಿ ನಿಂತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಬೇಕಾದ ದಿನವೇ ಕೈಕೊಡುತ್ತದೆ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ನೀರಿನ ಮಟ್ಟ, ಬೆಲ್ಟು, ಪಂಪಿನ ಕಲೆ ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಒಬ್ಬರಿಗೆ ವಹಿಸಿ. ಶಾಖ ಹೆಚ್ಚಾಗಿ ಜನರೇಟರ್ ತಾನಾಗಿ ನಿಂತರೆ ಕಾರಣ ಹುಡುಕದೆ ಮತ್ತೆ ಮತ್ತೆ ಸ್ಟಾರ್ಟು ಮಾಡಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪಂಪಿನ ಕೆಳಗಿನ ಕಿಂಡಿ ಏಕಿದೆ? ಅದನ್ನು ಮುಚ್ಚಿದರೆ ಏನಾಗುತ್ತದೆ?

2. ಏರಿದ್ದ ಶಾಖದ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಅದು ಒಳ್ಳೆಯ ಸೂಚನೆಯೇ?

3. ಇಂಜಿನ್ ಕಾದಾಗ ಬ್ಯಾಟರಿ ದೀಪವೂ ಹತ್ತಿದರೆ ಮೊದಲು ಏನನ್ನು ನೋಡಬೇಕು?

4. ಚೆಲ್ಲಿದ ಕೂಲಂಟಿನಿಂದ ಕರುವಿಗೆ ಏನು ಅಪಾಯ?

5. ನಮ್ಮ ಸಂಘದ ಹಾಲಿನ ವಾಹನಕ್ಕೂ ಜನರೇಟರಿಗೂ ಕೊನೆಯ ಬಾರಿ ನೀರು ಹಾಕಿದ್ದು ಯಾವಾಗ, ಎಷ್ಟು?

ಮೊದಲ ನಾಲ್ಕಕ್ಕೆ ಉತ್ತರ ಈ ಪಾಠದಲ್ಲೇ ಇದೆ. ಐದನೆಯದಕ್ಕೆ ನಿಮ್ಮ ಸಂಘದಲ್ಲಿ ಉತ್ತರ ಸಿಗದಿದ್ದರೆ ಇಂದೇ ಒಂದು ಪುಸ್ತಕ ತಂದು ಬರೆಯಲು ಆರಂಭಿಸಿ.